ಮೊದಲ ಖಾನೆಯ ಕಾರ್ಡು

ಔಷಧಿ ಅಂಗಡಿಯ ಹುಡುಗಿಯ ಪ್ರಕಾರ ಓದುವುದೆಂದರೆ ಪುಸ್ತಕದ ಒಂದೊಂದು ಸಾಲಿನ ಮೇಲೂ ಹಳದಿ ಬಣ್ಣ ಬಳಿಯುವುದು. ಹಾಗೆ ಓದಿಯೇ ಫಾರ್ಮಸಿಸ್ಟ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು. ಮೂರನೆಯದು ಕೊನೆಯ ಅವಕಾಶ. ಪಾಸಾದರೆ ವಯಸ್ಸಾದ ಯಜಮಾನರು ಅಂಗಡಿಯನ್ನು ಅವಳ ಕೈಗೆ ಒಪ್ಪಿಸಿ ಮನೆಯಲ್ಲಿ ಹಾಯಾಗಿ ಕೂರುವವರಿದ್ದರು. ಇಲ್ಲವಾದರೆ ಬೇರೆ ಯಾರೋ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ, ಇವಳು ಅವರಿಗೆ ಡಬ್ಬಿ ಎತ್ತಿಕೊಡುತ್ತಾ ನಿಂತಿರಬೇಕು.

ಒಂದು ಮಧ್ಯಾಹ್ನ ಪಕ್ಕದ ಅಂಗಡಿಯ ವಾಚ್ ರಿಪೇರಿಯವನು ಅಮ್ಮನ ಇನ್ಸುಲಿನ್ ಒಯ್ಯಲು ಬಂದ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮರೆತು ಹಣೆಯ ಮೇಲೇ ಉಳಿದಿತ್ತು. ಅವಳು ನಗು ನುಂಗಿಕೊಂಡು, ಬಾಟಲಿಯನ್ನು ಐಸಿನ ಜೊತೆ ಕಟ್ಟಿ, ಮನೆಗೆ ಹೋದ ತಕ್ಷಣ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ ಎಂದು ಪ್ರತಿ ತಿಂಗಳೂ ಹೇಳುವ ಮಾತನ್ನೇ ಹೇಳಿದಳು. ಅವನ ಕಣ್ಣು ಹಳದಿ ಪುಸ್ತಕದ ಮೇಲಿತ್ತು.

“ಬಣ್ಣ ಹೊಡೆಯೋದಂತೂ ಚೆನ್ನಾಗಾಗಿದೆ ಮೇಡಂ. ಓದೋದು ಯಾವಾಗ?”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೇಕಾದರೆ ಕೇಳಿ ನೋಡಿ ಎಂದು ಪುಸ್ತಕವನ್ನೇ ಅವನ ಮುಂದೆ ತಳ್ಳಿದಳು. ತೆರೆದಿದ್ದ ಪುಟದಿಂದಲೇ ಅವನು ಒಂದು ಪ್ರಶ್ನೆ ಕೇಳಿದ. ಐದು ನಿಮಿಷದ ಹಿಂದೆ ಓದಿದ ಸಾಲು. ಹಳದಿ ಬಣ್ಣ ಕಣ್ಣಿಗೆ ಕಟ್ಟಿತೇ ಹೊರತು ಉತ್ತರ ಬಾಯಿಗೆ ಬರಲಿಲ್ಲ.

ಅವನು ನಗಲಿಲ್ಲ. ಅದು ಅವಳಿಗೆ ಹಿಡಿಸಿತು. ತನಗೆ ಕೆಲಸ ಕಲಿಸಿದ ಗುರುಗಳು ಬಿಚ್ಚಿಟ್ಟ ವಾಚಿನ ಮೇಲೆ ಬಟ್ಟೆ ಮುಚ್ಚಿ, ಯಾವ ಚಕ್ರ ಎಲ್ಲಿತ್ತು ಹೇಳು ಎನ್ನುತ್ತಿದ್ದರಂತೆ. ಹತ್ತು ಸಲ ನೋಡುವುದಕ್ಕಿಂತ ಒಂದು ಸಲ ಮುಚ್ಚಿ ನೆನಪಿಸಿಕೊಳ್ಳುವುದು ಮೇಲು ಎಂದ.

ಮರುದಿನ ಊಟದ ಬಿಡುವಿನಲ್ಲಿ ಅವನು ಸ್ಕ್ರೂ ಹಾಕಿಡುವ ಐದು ಖಾನೆಯ ಮರದ ಪೆಟ್ಟಿಗೆಯೊಂದನ್ನು ಒರೆಸಿ ತಂದ. ಪುಸ್ತಕದಿಂದ ಕಾರ್ಡು ಬರೆದುಕೊಳ್ಳಬೇಕು, ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಮೊದಲ ಖಾನೆಯ ಕಾರ್ಡುಗಳನ್ನು ದಿನಾ ಕೇಳಬೇಕು. ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ, ಅಲ್ಲಿ ಅದರ ಸರದಿ ಮೂರು ದಿನಕ್ಕೊಮ್ಮೆ. ಹಾಗೇ ಮುಂದೆ ಮುಂದೆ ಹೋಗಿ ಐದನೆಯದಕ್ಕೆ ಸೇರಿದರೆ ತಿಂಗಳಿಗೊಮ್ಮೆ ಮಾತ್ರ. ಎಲ್ಲಿ ತಪ್ಪಿದರೂ ವಾಪಸ್ ಮೊದಲ ಖಾನೆಗೆ.

ಪ್ರತಿ ಸಲ ಕೇಳಿದ ಮೇಲೆ ಅವನು ಕಾರ್ಡಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದ. ಸರಿಯಾದರೆ ಚುಕ್ಕೆ, ತಪ್ಪಿದರೆ ಗೀಟು. ರಿಪೇರಿಯಾದ ಪ್ರತಿ ವಾಚಿನ ಮುಚ್ಚಳದ ಒಳಗೆ ತಾರೀಕು ಗೀಚಿ ಬಂದ ಅಭ್ಯಾಸ ಅದು.

ಹೀಗೆ ದಿನಾ ಮಧ್ಯಾಹ್ನ ಅವನ ಅಲಾರಾಂ ಗಡಿಯಾರ ಕೌಂಟರಿನ ಮೇಲೆ ಕೂರುವುದು ಶುರುವಾಯಿತು. ಇಪ್ಪತ್ತೈದು ನಿಮಿಷ ಪ್ರಶ್ನೆ, ಐದು ನಿಮಿಷ ಚಹಾ. ಮನಸ್ಸಿಲ್ಲ, ಇವತ್ತು ಬೇಡ ಎಂದು ಅವಳು ಮುಖ ಊದಿಸಿಕೊಂಡ ದಿನ, ಎರಡೇ ಎರಡು ಕಾರ್ಡು ಸಾಕು ಎನ್ನುತ್ತಿದ್ದ. ಎರಡು ಹೇಳುವಷ್ಟರಲ್ಲಿ ಮನಸ್ಸು ತಾನಾಗಿ ಬಂದು ಕೂರುತ್ತಿತ್ತು, ಎರಡು ಇಪ್ಪತ್ತಾಗುತ್ತಿತ್ತು. ಅವಳು ಉತ್ತರ ಹುಡುಕುವಾಗ ಅವನು ಚಾವಣಿ ನೋಡುತ್ತಿದ್ದ. ಅವನು ಚುಕ್ಕೆ ಇಡುವಾಗ ಅವಳು ಅವನ ಬೆರಳು ನೋಡುತ್ತಿದ್ದಳು. ಆ ಐದು ನಿಮಿಷದ ಚಹಾಕ್ಕಾಗಿಯೇ ಅವಳು ಬೆಳಿಗ್ಗೆಯಿಂದ ಕಾಯುತ್ತಿದ್ದಳು ಎಂದರೆ ಸುಳ್ಳಲ್ಲ.

ಎರಡು ತಿಂಗಳಲ್ಲಿ ಮೊದಲ ಖಾನೆ ಖಾಲಿಯಾಗುತ್ತಾ ಬಂತು. ಸಂತೋಷಪಡಬೇಕಾದವಳು ಉಳಿದ ಕಾರ್ಡುಗಳನ್ನು ಎರಡೆರಡು ಸಲ ಎಣಿಸಿದಳು. ಕೊನೆಗೆ ಬರೆದ ಹನ್ನೊಂದೇ ಕಾರ್ಡು ಉಳಿದಿವೆ. ಅವೂ ಮುಂದೆ ಹೋದರೆ ಇವನು ದಿನಾ ಯಾಕೆ ಬರುತ್ತಾನೆ?

ಮರುದಿನ ಅವನು ಇನ್ಸುಲಿನ್ ಎಲ್ಲಿಡಬೇಕು ಎಂದು ಕೇಳಿದಾಗ ಅವಳು ಕಿಟಕಿಯ ಪಕ್ಕ ಎಂದಳು.

ಅವನು ಒಂದು ಕ್ಷಣ ಅವಳ ಮುಖ ನೋಡಿ, ಗೀಟು ಎಳೆದು, ಕಾರ್ಡನ್ನು ಮೊದಲ ಖಾನೆಗೆ ಹಾಕಿದ. ಮರುದಿನ ಅವಳು ಕಪಾಟು ಎಂದಳು, ಅದರ ಮರುದಿನ ಫ್ರೀಜರ್ ಎಂದಳು. ಎರಡು ವಾರ ಹೀಗೇ ನಡೆಯಿತು. ವಿಚಿತ್ರವೆಂದರೆ ಉಳಿದ ಕಾರ್ಡುಗಳೂ ಅಲ್ಲಿಂದ ಮುಂದೆ ಕರಗಲಿಲ್ಲ. ಪೆಟ್ಟಿಗೆ ಸಂಜೆಯಾದರೆ ಅವನ ಅಂಗಡಿಗೇ ಹೋಗುತ್ತಿತ್ತು, ಅವಳು ಮತ್ತೆ ಎಣಿಸುವ ಗೋಜಿಗೂ ಹೋಗಲಿಲ್ಲ.

ಸುಳ್ಳು ಹೇಳುವವರು ಸುಳ್ಳಿಗೂ ಒಂದು ತಲೆಬುಡ ಇಟ್ಟುಕೊಳ್ಳಬೇಕು. ತಿಂಗಳು ತಿಂಗಳೂ ಫ್ರಿಜ್ಜಿನ ಪಾಠ ಹೇಳಿಸಿಕೊಂಡವನ ಹತ್ತಿರವೇ ಇವಳ ಆಟ! ಪರೀಕ್ಷೆಗೆ ಹತ್ತು ದಿನವಿರುವಾಗ ಅವನು ಅಲಾರಾಂಗೆ ಕೀಲಿ ಕೊಡದೆ ಕೂತ.

“ಗೊತ್ತಿರೋದನ್ನೇ ತಪ್ಪು ಹೇಳ್ತಿದ್ದೀರಿ. ನಾನು ಎದುರಿಗಿದ್ರೆ ನಿಮ್ಮ ಮನಸ್ಸು ಓದಿನಲ್ಲಿ ಇರಲ್ಲ. ತಪ್ಪು ನನ್ನದೂ ಇದೆ. ಇದು ಕೊನೇ ಅವಕಾಶ ಮೇಡಂ, ನನ್ನಿಂದ ಹಾಳಾಗೋದು ಬೇಡ.”

ಪೆಟ್ಟಿಗೆಯನ್ನು ಅವಳ ಕಡೆಗೆ ಸರಿಸಿ ಎದ್ದು ಹೋದ. ಅವಳು ಸಂಜೆ ಪೆಟ್ಟಿಗೆಯನ್ನು ಮನೆಗೆ ಒಯ್ದಳು.

ಮೂರು ದಿನ ಅದನ್ನು ತೆರೆಯಲಿಲ್ಲ. ನಾಲ್ಕನೆಯ ದಿನ ಅತ್ತಿಗೆ, ಅತ್ತು ಪಾಸಾದವರು ಯಾರೂ ಇಲ್ಲ ಎಂದು ಬೈದು, ಚುಕ್ಕೆ, ಗೀಟಿನ ಲೆಕ್ಕ ಕೇಳಿ ತಿಳಿದುಕೊಂಡು, ಬಟ್ಟೆ ಮಡಿಸುತ್ತಲೇ ತಾನೇ ಪ್ರಶ್ನೆ ಕೇಳಲು ಕೂತಳು. ಮೊದಲ ಖಾನೆಯ ನಾಲ್ಕು ಕಾರ್ಡು ಮುಗಿಯುವಷ್ಟರಲ್ಲಿ ಅತ್ತಿಗೆಯ ಕೈ ನಿಂತಿತು.

“ಇದೇನಮ್ಮಾ? ಇದಕ್ಕೆ ಎಂಟು ಚುಕ್ಕೆ ಇದೆ, ಇದಕ್ಕೆ ಒಂಬತ್ತು. ಒಂದು ಗೀಟೂ ಇಲ್ಲ. ಎಲ್ಲಾ ಸರಿ ಹೇಳಿದ್ದೀಯ. ಮತ್ತೆ ಇವು ಇನ್ನೂ ಮೊದಲನೇ ಖಾನೇಲಿ ಯಾಕಿವೆ?”

ಅವಳು ಕಾರ್ಡುಗಳನ್ನು ಕಿತ್ತುಕೊಂಡು ನೋಡಿದಳು. ಹತ್ತಕ್ಕೆ ಹತ್ತೂ ಹಾಗೆಯೇ. ದಿನಾ ಸಂಜೆ ಅವನು ಅವನ್ನು ಮೆಲ್ಲಗೆ ಹಿಂದಕ್ಕೆ ತಂದಿಡುತ್ತಿದ್ದ. ತಪ್ಪು ನನ್ನದೂ ಇದೆ ಎಂದದ್ದು ಇದಕ್ಕೇ! ಕಳ್ಳ, ಮೂರು ದಿನ ತನ್ನನ್ನು ಅಳಿಸಿದನಲ್ಲ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು, ಎದ್ದು ಚಪ್ಪಲಿ ಹುಡುಕಿದಳು.

ಅತ್ತಿಗೆ ಕೈ ಹಿಡಿದು ಕೂರಿಸಿದಳು. ಅವನ ಅಂಗಡಿ ನಿನ್ನ ಅಂಗಡಿಯ ಪಕ್ಕದಲ್ಲೇ ಇದೆ, ಹುಡುಗ ಎಲ್ಲೂ ಓಡಿಹೋಗುವುದಿಲ್ಲ, ಪರೀಕ್ಷೆ ಓಡಿಹೋಗುತ್ತದೆ ಎಂದಳು. ಮಾತು ನಿಜವಾಗಿತ್ತು. ಉಳಿದ ದಿನಗಳಲ್ಲಿ ಅವಳು ಐದೂ ಖಾನೆಗಳನ್ನು ಎರಡೆರಡು ಸಲ ಮುಗಿಸಿದಳು. ಓದಲು ಮನಸ್ಸು ಬರಲಿ ಎಂದು ಒಂದು ದಿನವೂ ಕಾಯಬೇಕಾಗಲಿಲ್ಲ.

ಪಾಸಾಗಿದ್ದಾಳೆ ಎಂದು ತಿಳಿದ ಮಧ್ಯಾಹ್ನ ಯಜಮಾನರು ತಮ್ಮ ಕುರ್ಚಿಯನ್ನು ಒರೆಸಿ ಅವಳ ಕಡೆಗೆ ತಿರುಗಿಸಿದರು. ಅವಳು ಅದರಲ್ಲಿ ಕೂರುವ ಮೊದಲು ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋದಳು.

ಅವನು ಅವಳ ಮುಖ ನೋಡಿಯೇ ಫಲಿತಾಂಶ ತಿಳಿದುಕೊಂಡ. ಅವಳು ಒಂಬತ್ತು ಚುಕ್ಕೆಯ ಕಾರ್ಡನ್ನು ಅವನ ಮುಂದಿಟ್ಟು, ಇದು ಹಿಂದಕ್ಕೆ ಹೇಗೆ ಬಂತು ಎಂದು ಕೇಳಿದಳು. ಅವನ ಕಿವಿ ಕೆಂಪಾಯಿತು.

“ನಿಮ್ಮ ಇನ್ಸುಲಿನ್ ಕಿಟಕಿ ಪಕ್ಕಕ್ಕೆ ಹೇಗೆ ಹೋಯ್ತೋ, ಹಾಗೇ ಬಂತು.”

ಅವಳು ಇನ್ನೊಂದು ಕಾರ್ಡು ತೆಗೆದಳು, ಹೊಸದು. ಮುಂದೆ ಒಂದೇ ಪ್ರಶ್ನೆ: ನನ್ನನ್ನು ಮದುವೆ ಆಗ್ತೀರಾ? ಹಿಂದೆ ಖಾಲಿ.

ಅವನು ಭೂತಗನ್ನಡಿಯನ್ನು ಹಣೆಯಿಂದ ತೆಗೆದಿಟ್ಟು ಎರಡು ಸಲ ಓದಿದ. ಪೆನ್ಸಿಲ್ ಎತ್ತಿಕೊಂಡು ಹಿಂದೆ ‘ಹೂಂ’ ಎಂದು ಬರೆದ. ಅವಳು ಪೆನ್ಸಿಲ್ ಇಸಿದುಕೊಂಡು ಮೂಲೆಯಲ್ಲಿ ಚುಕ್ಕೆ ಇಟ್ಟಳು. ಅವನು ಕಾರ್ಡನ್ನು ಮೊದಲ ಖಾನೆಗೇ ಹಾಕಿದ.

“ಉತ್ತರ ಸರಿ ಇದೆಯಲ್ಲ, ಎರಡನೇದಕ್ಕೆ ಹೋಗಬೇಕು” ಎಂದಳು ಅವಳು.

“ಇದು ಅಲ್ಲೇ ಇರ್ಲಿ. ದಿನಾ ಕೇಳಿ.”