ಪುಟ್ಟಮಾದಣ್ಣ ಹೋದ ದಿನ

ನಾಲ್ಕು ವರ್ಷಗಳ ನಂತರ ರೇವಂತನ ಬೆರಳು ಶಿವರಂಜಿನಿಯ ಬೆರಳಿಗೆ ತಾಗಿದ್ದು ಒಂದು ಚೆಂಡುಹೂವಿನ ಹಾರದ ಕೆಳಗೆ!

ಚಾಮರಾಜನಗರದ ಮೈದಾನದಲ್ಲಿ, ಗೋಲ್‌ಪೋಸ್ಟ್‌ ಮುಂದೆ, ಪುಟ್ಟಮಾದಣ್ಣನ ದೇಹವನ್ನು ಮಲಗಿಸಿದ್ದರು. ಮೂವತ್ತು ವರ್ಷ ಎದುರಾಳಿಗಳ ನಿದ್ದೆಗೆಡಿಸಿದ ಗೋಲ್‌ಕೀಪರ್. ಕೋಳಿಕೋಡಿನ ಫೈನಲ್‌ನಲ್ಲಿ ಒಂದರ ಹಿಂದೊಂದು ಮೂರು ಪೆನಾಲ್ಟಿ ತಡೆದವನು. ಅವನ ಮುಖ ನೋಡಲು ಗುಂಡ್ಲುಪೇಟೆ, ಕುದೇರು, ಗಡಿಯಾಚೆಯ ಬತ್ತೇರಿಯಿಂದಲೂ ಜನ ಬಂದಿದ್ದರು. ಹೊಟ್ಟೆಗೆ ಬಿಗಿಯಾದ ಹಳೇ ಜೆರ್ಸಿ ತೊಟ್ಟ ಗಂಡಸರು ಮಕ್ಕಳ ಹಾಗೆ ಅಳುತ್ತಿದ್ದರು. "ಮಾದು ಚೇಟ್ಟಾ..." ಎಂದು ಯಾರೋ ಮಲಯಾಳದಲ್ಲಿ ಕೂಗಿ ಕುಸಿದರು.

ಶಿವರಂಜಿನಿಯ ಕೈಯಲ್ಲಿದ್ದ ಹಾರದ ಇನ್ನೊಂದು ತುದಿಯನ್ನು ಯಾರೋ ಹಿಡಿದುಕೊಂಡರು. ತಲೆಯೆತ್ತಿದಳು.

ಅವನೇ...

"ಬಂದ್ಯಾ, ರಂಜು?"

"ಮಾದಣ್ಣನಿಗೋಸ್ಕರ ಬಂದೆ," ಎಂದಳು ಬಿರುಸಾಗಿ. ಆದರೆ ಹಾರ ಬಿಡಲು ಬೆರಳುಗಳೇ ಒಪ್ಪಲಿಲ್ಲ.

'ಎಷ್ಟು ಸೊರಗಿದಾನೆ! ನನಗೇನಂತೆ? ಬೇಡ ಅಂದವನು ಇವನೇ ತಾನೇ?'

ಶಿವರಂಜಿನಿ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಆಟದ ಟೀಚರ್. ಊರು ಹಂಗಳ. ಅಪ್ಪ ಪುಟ್ಟಮಲ್ಲಪ್ಪನಿಗೆ ಅರಿಸಿನದ ಹೊಲ ಬಿಟ್ಟರೆ ಫುಟ್‌ಬಾಲೇ ಉಸಿರು. ಅವಳಿಗೆ ಹತ್ತು ತುಂಬುವ ಮೊದಲೇ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಪುಟ್ಟಮಾದಣ್ಣನ ಮ್ಯಾಚ್‌ಗಳಿಗೆ ಕರೆತಂದವನು ಅವನೇ. ಮುಂದೆ ಅದೇ ಪುಟ್ಟಮಾದಣ್ಣನ ಹತ್ತಿರ ಭಾನುವಾರದ ತರಬೇತಿಗೆ ಬಂದಾಗ ಅವಳಿಗೆ ರೇವಂತ ಸಿಕ್ಕಿದ. ಪುಟ್ಟಮಾದಣ್ಣನ ಹೆಂಡತಿ ಮಲ್ಲಿಗಮ್ಮನ ತಮ್ಮನ ಮಗ. ಹರದನಹಳ್ಳಿಯ ಹುಡುಗ, ಅಂಚೆ ಕಚೇರಿಯಲ್ಲಿ ಕೆಲಸ.

ಎರಡು ವರ್ಷ ಅವರಿಬ್ಬರ ಪಾಲಿಗೆ ವಾರವೆಂದರೆ ಭಾನುವಾರವೊಂದೇ!

"ಮುಂದಿನ ವಾರ ಹಂಗಳಕ್ಕೆ ಬಂದು ನಿಮ್ಮಪ್ಪನ್ನ ಕೇಳ್ತೀನಿ," ಎಂದಿದ್ದ ಅವನು. ಆ ದಿನ ಅವಳು ಶಾಲೆಯ ಮಕ್ಕಳೊಂದಿಗೆ ನಂಜನಗೂಡಿನಲ್ಲಿದ್ದಳು. ಸಂಜೆ ಮನೆಗೆ ಓಡಿಬಂದರೆ ಅಪ್ಪ ನಗುತ್ತಾ, "ಮಾದುನ ಕಡೆ ಹುಡ್ಗ ಬಂದಿದ್ದ ಕಣಮ್ಮಿ. ಮ್ಯಾಚ್ ಇಸ್ಯ ಮಾತಾಡ್ಕಂಡು ಓದ," ಎಂದ.

ಅಷ್ಟೇ?

ಫೋನ್ ಮಾಡಿದರೆ ರೇವಂತ ಹೇಳಿದ್ದು ಒಂದೇ ಮಾತು. "ನಂಗೂ ನಿಂಗೂ ಸರಿಹೋಗಲ್ಲ. ಬಿಟ್ಟುಬಿಡು ರಂಜು."

ಅವಳು ಬಿಟ್ಟಳು. ಮರೆಯಲಿಲ್ಲ. ಬಂದ ಗಂಡುಗಳನ್ನೆಲ್ಲಾ ಒಂದೊಂದು ನೆಪ ಹೇಳಿ ವಾಪಸ್ ಕಳಿಸಿದಳು.

ಮಣ್ಣು ಮುಗಿಸಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಮೈದಾನದ ಪಕ್ಕದ ಮನೆಯಲ್ಲಿ ಮಲ್ಲಿಗಮ್ಮ ಅವಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು.

"ನಮ್ಮ ಯಜಮಾನ್ರು ಓಗಕ್ ಮುಂಚೆ, ಆ ಮಗೀಗೆ ನಿಜ ಯೋಳ್ಬುಡು ಅಂದ್ರು ಕಣವ್ವ. ಅವತ್ತು ರೇವಂತ ನಿಮ್ಮನೆಯಿಂದ ಬಂದೋನು ಇದೇ ಮೂಲೇಲಿ ಕೂತು ಅತ್ಬುಟ್ಟ."

"ಯಾಕತ್ತೆ? ಅಪ್ಪಾಜಿ ಬೈದ್ರಾ?"

"ಅಯ್ಯೋ, ಇಲ್ಲ ಕಣವ್ವ. ಒಳ್ಳೆ ಮಾತೇ ಆಡುದ್ರಂತೆ. ಜಗಲಿ ಮ್ಯಾಲೆ ಕೂರ್ಸಿ ಟೀ ಕೊಟ್ರಂತೆ. ಅವ್ರು ಕುಡ್ದುದ್ದು ಸ್ಟೀಲ್ ಲೋಟ. ಇವನ್ಗೆ ಪೇಪರ್ ಲೋಟ. ಟೀಗೇ ಇಂಗಾದ್ರೆ ಹೆಣ್ಣು ಕೇಳದು ಎಂಗೆ ಅತ್ತೆ ಅಂದ. ರಂಜುಗ್ ಮಾತ್ರ ಯೋಳ್ಬೇಡ, ಅವಳಿಗೆ ಅಪ್ಪ ಅಂದ್ರೆ ಪ್ರಾಣ ಅಂದ."

ಶಿವರಂಜಿನಿ ತನ್ನ ಕೈಗಳನ್ನೇ ನೋಡಿಕೊಂಡಳು.

ಪುಟ್ಟಮಾದಣ್ಣ ತಮ್ಮ ಮನೆಗೆ ಬಂದಾಗಲೆಲ್ಲಾ ಅಂಥದೇ ಲೋಟವನ್ನು ಜಗಲಿಗೆ ತಂದುಕೊಟ್ಟವಳು ಅವಳೇ! ಅಮ್ಮ ಕೊಟ್ಟಳು, ಇವಳು ತಂದಳು. ಅವನು "ಚೆನ್ನಾಗಿರವ್ವ" ಎಂದು ನಗುತ್ತಾ ಕುಡಿದ. ಒಂದು ದಿನವಾದರೂ ಯಾಕೆಂದು ಕೇಳಿರಲಿಲ್ಲ ಅವಳು. ಜಾತಿ ಎನ್ನುವುದು ತಮ್ಮ ಮನೆಯಲ್ಲಿಲ್ಲ ಎಂದೇ ನಂಬಿದ್ದಳು...

ಕಣ್ಣೊರೆಸಿಕೊಂಡು ಹೊರಗೆ ಬಂದಳು. ರೇವಂತ ಮೈದಾನದಲ್ಲಿ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ಯಾಕೆ ಹೇಳ್ಲಿಲ್ಲ?"

ಅವನಿಗೆ ತಕ್ಷಣ ಅರ್ಥವಾಯಿತು. ಕುರ್ಚಿ ಕೆಳಗಿಟ್ಟ.

"ಹೇಳಿದ್ರೆ ನೀನು ಜಗಳ ಆಡಿ ಮನೆ ಬಿಟ್ಟು ಬರ್ತಿದ್ದೆ. ಆಮೇಲೆ ಅಪ್ಪನ್ನ ನೆನೆಸ್ಕೊಂಡು ಜೀವನಪೂರ್ತಿ ಅಳ್ತಿದ್ದೆ."

"ಈ ನಾಲ್ಕು ವರ್ಷ ನಾನು ನಗ್ತಿದ್ದೆ ಅಂದ್ಕೊಂಡ್ಯಾ?"

ಅವನು ತಲೆ ತಗ್ಗಿಸಿದ.

"ನಿನ್ನ ಬಿಟ್ಟಿರೋಕೆ ನನ್ ಕೈಲೂ ಆಗ್ಲಿಲ್ಲ ರಂಜು. ಎರಡು ಸಲ ಗುಂಡ್ಲುಪೇಟೆಗೆ ಬಂದಿದ್ದೆ. ನಿಮ್ಮ ಸ್ಕೂಲ್ ಕಾಂಪೌಂಡ್ ಆಚೆ ನಿಂತೆ. ನೀನು ಮಕ್ಕಳಿಗೆ ಕೂಗಾಡೋದು ಕೇಳಿಸ್ತು. ಸಾಕು ಅನ್ನಿಸ್ತು... ವಾಪಸ್ ಬಸ್ ಹತ್ತಿದೆ."

"ಸಾಕಾಗಿತ್ತಾ?"

"ಇಲ್ಲ," ಎಂದ ಅವನು.

"ನಿರ್ಧಾರ ನಂದೂ ಆಗ್ಬೇಕಿತ್ತು ರೇವಂತ. ನೀನೊಬ್ಬನೇ ಮಾಡ್ಬುಟ್ಟೆ!" ಎಂದಳು. "ಇಲ್ಲೇ ಇರು. ಎಲ್ಲೂ ಹೋಗ್ಬೇಡ."

ಊರವರ ಜೊತೆ ಬಂದಿದ್ದ ಅವಳಪ್ಪ ಪುಟ್ಟಮಲ್ಲಪ್ಪ ಮೈದಾನದ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಬೆಳಗಿನಿಂದ ಅತ್ತು ಅವನ ಕಣ್ಣು ಕೆಂಪಗಾಗಿದ್ದವು.

"ಅಂಥ ಆಟಗಾರ ಇನ್ನು ಉಟ್ಟಲ್ಲ ಕಣಮ್ಮಿ."

"ಅಪ್ಪಾಜಿ, ಮಾದಣ್ಣ ಒಂದ್ಸಲನಾದ್ರೂ ನಮ್ಮನೆ ಒಳಗೆ ಬಂದಿದ್ರಾ?"

ಪುಟ್ಟಮಲ್ಲಪ್ಪ ಅವಳತ್ತ ನೋಡಿದ.

"ಅವ್ನು ಯಾವತ್ತೂ ಕೇಳ್ನಿಲ್ಲ..."

"ನೀವು ಕರೀಲಿಲ್ಲ. ನಾನೂ ಕರೀಲಿಲ್ಲ."

ಪುಟ್ಟಮಲ್ಲಪ್ಪ ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಆದರೂ ಅವಳು ನಿಲ್ಲಿಸಲಿಲ್ಲ.

"ನಾನು ರೇವಂತನ್ನ ಮದುವೆ ಆಗ್ತೀನಿ. ಅವತ್ತು ಅವನು ಮ್ಯಾಚ್ ವಿಷ್ಯಕ್ಕೆ ಬಂದಿರ್ಲಿಲ್ಲ, ನನ್ನ ಕೇಳೋಕೆ ಬಂದಿದ್ದ. ನೀವು ಒಪ್ಪದೇ ಇದ್ರೂ ಆಗ್ತೀನಿ ಅಪ್ಪಾಜಿ. ಆದ್ರೆ... ನೀವು ಮುಂದೆ ನಿಂತು ಮಾಡ್ಕೊಡ್ಬೇಕು ಅಂತ ಆಸೆ."

ಹಂಗಳದವರು ಬಂದ ಜೀಪು ದೂರದಲ್ಲಿ ಹಾರ್ನ್ ಹೊಡೆಯಿತು. ಪುಟ್ಟಮಲ್ಲಪ್ಪ ಮಂಡಿ ಹಿಡಿದುಕೊಂಡು ಎದ್ದ. ಕುರ್ಚಿಗಳ ಪಕ್ಕ ನಿಂತಿದ್ದ ಹುಡುಗನನ್ನು ಬಹಳ ಹೊತ್ತು ನೋಡಿದ.

"ನಂಗೆ ಇದು ಸಲೀಸಲ್ಲ ಕಣಮ್ಮಿ," ಎಂದ ಕೊನೆಗೆ. "ನಿಮ್ಮವ್ವಂಗಂತೂ ಅಲ್ವೇ ಅಲ್ಲ... ಅವಳ್ಗೆ ನಾನೇ ಯೋಳ್ತಿನಿ. ನೀನು ವಸಿ ಒತ್ತು ಇಲ್ಲೇ ಇದ್ದು ಬಾ. ಬಸ್ಸದೆ."

ಶಿವರಂಜಿನಿ ರೇವಂತನ ಬಳಿ ಬಂದಳು.

"ಏನಂದ್ರು?"

"ಅಮ್ಮಂಗೆ ಅವರೇ ಹೇಳ್ತಾರಂತೆ."

ಅವನಿಗೆ ನಂಬಲಾಗಲಿಲ್ಲ. ನಗು ಬಂತು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದ.

"ಮಾವ ಹೋದ ದಿನ ನಾನು ನಗಬಾರ್ದು ಅಲ್ವಾ..."

"ಬೆಳಗ್ಗಿಂದ ನೀನು ಅತ್ತೂ ಇಲ್ಲ. ಓಡಾಡ್ತಾನೇ ಇದೀಯ. ನಾನು ನೋಡ್ತಿದ್ದೆ."

"ನೋಡ್ತಿದ್ದ್ಯಾ?"

"ಇನ್ಯಾರನ್ನ ನೋಡ್ಲಿ?"

ಆ ಮಾತಿಗೆ ಅವನ ದುಃಖದ ಕಟ್ಟೆಯೊಡೆಯಿತು. ಅವಳ ಹೆಗಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ಬೆನ್ನು ಸವರುತ್ತಾ ನಿಂತಳು. ಯಾರು ನೋಡಿದರೂ ಇವತ್ತು ಅವಳಿಗೆ ಲೆಕ್ಕವಿರಲಿಲ್ಲ.

"ರಂಜು..."

"ಹ್ಞೂಂ?"

"ಬಸ್ಸಿಗೆ ಹೊತ್ತಾಗಲ್ವಾ?"

"ಇನ್ನೊಂದಿದೆ."

"ಅದೂ ಹೋದ್ರೆ?"

"ಹೋಗ್ಲಿ ಬಿಡು," ಎಂದಳು ಶಿವರಂಜಿನಿ. "ನೀನು ಹೋಗ್ಬೇಡ, ಅಷ್ಟೇ."