ಒಂದು ಸೈಜು ಚಿಕ್ಕ ಬಳೆ

ಟಕ್!

ಕುರುಗೋಡಿನ ಆ ಬಳೆ ಅಂಗಡಿಯಲ್ಲಿದ್ದವರೆಲ್ಲ ಬಳೆ ಒಡೆಯಿತು ಅಂದುಕೊಂಡರು.

ಆದರೆ ಹಸಿರು ಬಳೆಗಳು ಆಫ್ರೀನಳ ಕೈಯಲ್ಲಿ ನೆಟ್ಟಗೇ ಇದ್ದವು. ಮುರಿದದ್ದು ಅವಳ ಹೆಬ್ಬೆರಳ ಬುಡದ ಎಲುಬು.

ಬಳೆ ತೊಡಿಸುತ್ತಿದ್ದ ಖಲಂದರ್ ಬಿಳುಚಿಹೋದ. "ಏನಾತ್ರಿ? ನೋವಾತೇನ್ರಿ?"

ಅವಳು ಅಳಲಿಲ್ಲ. ಊದುತ್ತಿದ್ದ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

ಅತ್ತ ಚಮಕಿ ಬಳೆ ಆರಿಸುತ್ತಿದ್ದ ತಾಯಿ ಸರ್ವರಬಿ ಓಡಿಬಂದರು. "ನನ್ನ ಮಗಳ ಕೈ ಮುರದೆಲ್ಲೋ! ಬರೋ ವಾರ ಆಕಿ ಮಂಗ್ನಿ ಐತಿ!"

ಬಳೆಗಾರರಿಗೊಂದು ಜಂಭ ನೋಡಿ. ಕೈ ನೋಡಿಯೇ ಅಳತೆ ಹೇಳಬೇಕು, ಅದಕ್ಕಿಂತ ಒಂದು ಸೈಜು ಚಿಕ್ಕದನ್ನೇ ಅಮುಕಿ ಅಮುಕಿ ಏರಿಸಬೇಕು. ಕೈಗೆ ಕಚ್ಚಿ ಕೂತರೇ ಚೆಂದವಂತೆ! ಸಿರುಗುಪ್ಪದಿಂದಲೂ ಹುಡುಕಿಕೊಂಡು ಬರುವಷ್ಟು ಹೆಸರಿತ್ತು ಖಲಂದರನಿಗೆ. ಅವತ್ತೂ ಅವನು ಮಾಡಿದ್ದು ಅಷ್ಟೇ.

ಆದರೆ ಆಫ್ರೀನಳ ಎಲುಬುಗಳು ಹುಟ್ಟಿನಿಂದಲೇ ಗಾಜಿನಂತೆ ಮುರಿಯುವಂಥವು. ಅಪರೂಪದ ಕಾಯಿಲೆ, ಬಳ್ಳಾರಿಯ ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದ್ದರು. ಜೋರಾಗಿ ಕೆಮ್ಮಿದಾಗ ಕೂಡ ಮುರಿದಿದ್ದುಂಟು. ಮುರಿದು ಮುರಿದು ಅವಳಿಗೆ ಅಳುವುದೇ ಮರೆತುಹೋಗಿತ್ತು. ಕರೂರಿನ ವರನ ಕಡೆಯವರಿಗೆ ಇದ್ಯಾವುದೂ ಗೊತ್ತಿರಲಿಲ್ಲ.

"ಬಾಯಿ ಬಿಡಬ್ಯಾಡ," ಬಳ್ಳಾರಿಯ ಆಸ್ಪತ್ರೆಯಲ್ಲಿ ತಾಯಿ ಪಿಸುಗುಟ್ಟಿದರು. "ಬಳಿಗಾರ ಮುರದ ಅಂದ್ರಾತು. ನಿನ್ನ ಬಾಳು ನೆಟ್ಟಗಾಗ್ಲಿ."

ಆಫ್ರೀನ್ ಸುಮ್ಮನೆ ತಲೆಯಾಡಿಸಿದಳು.

ಮಂಗ್ನಿ, ಅಂದರೆ ನಿಶ್ಚಿತಾರ್ಥ, ಮುಂದಕ್ಕೆ ಹೋಯಿತು. ಪಟ್ಟಿ ಬಿಚ್ಚುವ ಹೊತ್ತಿಗೆ ಖಲಂದರ್ ಸಿರುಗುಪ್ಪದಲ್ಲಿದ್ದ ಅವಳ ಮನೆ ಹುಡುಕಿಕೊಂಡು ಬಂದ. ಹೊಸ್ತಿಲಾಚೆಯೇ ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ತಪ್ಪಾತ್ರಿ. ಅವತ್ತಿಂದ ಬಳಿ ಇಡಸೋದು ಬಿಟ್ಟೀನಿ. ಹೆಂಗಸ್ರೂ ಅಂಜಿ ಅಂಗಡಿಗಿ ಬರವಲ್ರು..."

'ಹೇಳು... ಹೇಳಿಬಿಡು!' ಅವಳೊಳಗೊಂದು ದನಿ ಅಂದಿತು. ಅದೂ ಎಲ್ಲೋ ದೂರದಿಂದ ಕೇಳಿದ ಹಾಗಿತ್ತು. ತಾಯಿ ಬಾಗಿಲು ಹಾಕಿಕೊಂಡರು.

ಮರುದಿನ ಕರೂರಿನವರು ಬಂದರು. "ಆ ಬಳಿಗಾರನ ಅಂಗಡಿ ಮುಚ್ಚಿಸ್ತೀವಿ. ನಾಳೀನ ಮಂದಿ ಕರಕೊಂಡು ಹೋಗ್ತೀನಿ," ಅಂದ ವರನ ತಂದೆ.

"ಬ್ಯಾಡ್ರಿ." ಆಫ್ರೀನಳಿಗೆ ತನ್ನ ದನಿಯೇ ಹೊಸದೆನಿಸಿತು. "ಅವರದೇನೂ ತಪ್ಪಿಲ್ಲ. ಹುಟ್ಟಿದಾಗಿಂದ ನನ್ನ ಎಲುಬು ಹಂಗ ಅದಾವ. ಮುಂದೂ ಮುರಿತಾವ."

ಚಹಾದ ಲೋಟಗಳು ತುಂಬಿದಂತೆಯೇ ಉಳಿದವು. ಅವರು ಎದ್ದು ಹೋದ ಮೇಲೆ ಸರ್ವರಬಿ ಹೊಡೆಯಲು ಕೈ ಎತ್ತಿದರು, ಹಾಗೇ ಇಳಿಸಿ ಕುಸಿದು ಕೂತು ಅತ್ತರು. ಆ ಮನೆಯಲ್ಲಿ ಅವಳನ್ನು ಯಾರೂ ಹೊಡೆದವರಲ್ಲ. ಬಿಗಿಯಾಗಿ ಅಪ್ಪಿಕೊಂಡವರೂ ಅಲ್ಲ.

ಮರುದಿನ ಬೆಳಿಗ್ಗೆಯೇ ಆಫ್ರೀನ್ ಕುರುಗೋಡಿನ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಇಬ್ಬರು ಹೆಂಗಸರಿದ್ದರು. ಅವರಿಗೂ ಕೇಳುವಂತೆ ಅಂದಳು. "ಇವರು ನನ್ನ ಕೈ ಮುರೀಲಿಲ್ಲ. ನನಗ ಎಲುಬಿನ ಬ್ಯಾನಿ ಐತಿ."

ಖಲಂದರ್ ದಿಗ್ಗನೆ ಎದ್ದು ನಿಂತ. "ಗೊತ್ತಿದ್ದೂ ಸುಮ್ಮನಿದ್ರಾ? ನಾ ಸಣ್ಣ ಬಳಿ ತಗೊಂಡಾಗ ಒಂದ ಮಾತು ಬ್ಯಾಡ ಅಂದಿದ್ರ..."

"ಅಂದಿದ್ರ ಕೈ ಬಿಡ್ತಿದ್ರಿ."

ಅವಳು ತಲೆ ತಗ್ಗಿಸಿದಳು. "ಎಲ್ಲಾರೂ ನನ್ನ ಅಂಜಕೋಂತ ಮುಟ್ಟತಾರ. ನೀವೊಬ್ರ ಅಂಜದ ಹಿಡದ್ರಿ. ಇನ್ನೊಂಚೂರು ಹಿಡಕೊಳ್ಳಲಿ ಅನಿಸ್ತು... ಮುರದ್ರೂ ಸರಿ ಅನಿಸ್ತು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಹೊರಗೆ ಹೋದರು.

ಖಲಂದರ್ ಅದೇ ಹಸಿರಿನ ಬಳೆಗಳನ್ನು ತೆಗೆದ. ಎಲ್ಲವೂ ದೊಡ್ಡ ಸೈಜಿನವು. "ಮೊನ್ನಿ ನಿಮ್ಮ ಮನಿಗಿ ತಂದಿದ್ದೆ. ಕೊಡಾಕ ಧೈರ್ಯ ಆಗ್ಲಿಲ್ಲ."

ಅವನು ಬಳೆ ಹಿಡಿದ. ಅವಳು ತಾನೇ ಕೈ ತೂರಿಸಿದಳು. ಬಳೆ ಸರಾಗವಾಗಿ ಇಳಿಯಿತು. ಅವನ ಅಂಗೈ ಮಾತ್ರ ಅವಳ ಅಂಗೈ ಕೆಳಗೆ ಹಾಗೇ ಉಳಿಯಿತು.

"ನಾಳಿ ನಮ್ಮ ಅಬ್ಬಾನ ಕರಕೊಂಡು ನಿಮ್ಮನ್ನ ಕೇಳಾಕ ಬರ್ತೀನಿ. ನಿಮ್ಮಮ್ಮ ಬಾಗಲಾ ಹಾಕಿದ್ರ ಹೊಸ್ತಿಲದಾಗ ಕುಂದರ್ತೀನಿ. ನನಗೂ ಅಂಜಿಕಿ ಐತಿ, ಆಫ್ರೀನ್... ಆದ್ರೂ ಬಿಡಂಗಿಲ್ಲ."

ಎಷ್ಟೋ ವರ್ಷಗಳ ಮೇಲೆ ಅವಳ ಕಣ್ಣು ತುಂಬಿ ಬಂತು. ಅವನು ಗಾಬರಿಯಿಂದ ಕೈ ಎಳೆದುಕೊಂಡ.

"ನೋವಾತೇನು?"

"ಇಲ್ಲ..." ಅವನ ಬೆರಳುಗಳನ್ನು ಅವಳೇ ಹಿಡಿದುಕೊಂಡಳು. "ನೀವು ಹಿಡದಿದ್ದು ಗೊತ್ತಾಗಾಕತ್ತೈತಿ. ಬಿಡಬ್ಯಾಡ್ರಿ."