ಬಲಗಿವಿಯ ಅಚ್ಚು

“ಮೂರು ಬೀದಿ ಆಚೆ, ಮುಚ್ಚಿಟ್ಟ ಸಕ್ಕರೆ ಡಬ್ಬೀಲಿ ಇರುವೆ ಕೆಮ್ಮಿದ್ರೂ ನಂಗೆ ಕೇಳಿಸತ್ತೆ, ಮಾಮ. ನಿನ್ನೆ ಇಡೀ ದಿನ ಕೆಮ್ತಿತ್ತು. ಒಣಕೆಮ್ಮು.”

ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತ ಹೀಗೆ ಹೇಳಿದವಳು ಸೊನೊಕ. ಐದನೇ ಕ್ಲಾಸು. ಅವಳ ಕಿವಿ ಎಂಥದ್ದು ಅಂತೀರಿ? ಇಡೀ ಟೋಕಿಯೋ ನಗರದ ಕಿವಿಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಅವಳ ಒಂದೇ ಕಿವಿಯನ್ನು ಇನ್ನೊಂದು ತಟ್ಟೆಗೆ ಹಾಕಿದರೂ ಅವಳ ಕಡೆಯೇ ತೂಗುತ್ತದೆ. ತೂಗಿ ನೋಡಿದವರು ಯಾರು? ಸೊನೊಕಳೇ.

ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಕುರಾಮೊಚಿಯವರು ತಲೆದೂಗಿದರು. “ಹೌದಾ? ಔಷಧಿ ಕೊಟ್ಯಾ?”

“ಸೊನೋ,” ಅಜ್ಜಿ ಗುಲಾಬಿ ಹಿಟ್ಟು ನಾದುತ್ತ ಹೇಳಿದಳು, “ಹಿಟ್ಟು ಕಿವಿ ಒಳಗೆ ಹೋದ್ಮೇಲೆ ನಿನ್ನ ಬಾಯಿಗೆ ಬೀಗ. ಗೊತ್ತಲ್ಲ?”

“ಗೊತ್ತು ಅಜ್ಜಿ. ಮಾತಾಡಿದ್ರೆ ಈ ರೂಮಲ್ಲಿ ನಂಗೆ ಜಾಗ ಇಲ್ಲ.”

ಅವರ ಅಂಗಡಿ ಇದ್ದದ್ದು ರೈಲು ಸೇತುವೆಯ ಕಮಾನಿನ ಕೆಳಗೆ. ಅಲ್ಲಿ ಮಾಡುವ ಇಯರ್‌ಫೋನ್ ಎಲ್ಲರ ಕಿವಿಗೂ ಆಗುವಂಥದ್ದಲ್ಲ. ಹಲ್ಲುಸೆಟ್ಟಿನ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಹಿಡಿಸದು. ಮೊದಲು ಅಜ್ಜಿ ಗಿರಾಕಿಯ ಕಿವಿಗೆ ಹಿಟ್ಟು ತುಂಬಿ ಅಚ್ಚು ತೆಗೆಯುತ್ತಾಳೆ. ಆ ಅಚ್ಚಿನ ಆಕಾರಕ್ಕೆ ಸರಿಯಾಗಿ ಅಪ್ಪ ಒಂದು ಚಿಪ್ಪು ಮಾಡಿ, ಅದರೊಳಗೆ ಎಳ್ಳುಕಾಳಿನಷ್ಟು ಸ್ಪೀಕರುಗಳನ್ನು ಕೂರಿಸುತ್ತಾರೆ. ಅದನ್ನು ಹಾಕಿಕೊಂಡರೆ ತಲೆಯ ಮೇಲೆ ಹೋಗುವ ರೈಲೂ ಕೇಳಿಸಬಾರದು. ಕೇಳಿಸಿತೋ, ಎಲ್ಲೋ ಸಂದಿ ಉಳಿದಿದೆ ಎಂದರ್ಥ. ಸಂದಿ ಇದ್ದರೆ ರೈಲು ಒಳಗೆ ಬರುತ್ತದೆ, ಹಾಡಿನ ಬೇಸ್, ಅಂದರೆ ತಗ್ಗು ನಾದ, ಹೊರಗೆ ಹೋಗುತ್ತದೆ.

ಅಜ್ಜಿ ಕಿವಿಯೊಳಗೆ ನೋಡುವ, ಹೆಬ್ಬೆರಳಿನಷ್ಟು ಗಾತ್ರದ ಟಾರ್ಚು ತೆಗೆದು ಅದರ ಗುಂಡಿಯನ್ನು ಟಕ್, ಟಕ್ ಎಂದು ಎರಡು ಸಲ ಒತ್ತಿ ನೋಡಿದಳು. ಪ್ರತಿ ಸಲ ಹಾಗೆಯೇ, ಎರಡು ಸಲ. ದವಡೆ ಅಲುಗದಿರಲೆಂದು ಕುರಾಮೊಚಿಯವರ ಹಲ್ಲುಗಳ ನಡುವೆ ಮೆತ್ತನೆಯ ರಬ್ಬರ್ ತುಂಡು ಇಟ್ಟಳು. ಎಡಗಿವಿಗೆ ಹಿಟ್ಟು ತುಂಬಿ, ಅದು ಗಟ್ಟಿಯಾಗುತ್ತ ಬಂದಮೇಲೆ ಬಲಗಿವಿಗೂ ತುಂಬಿದಳು.

“ಇನ್ನು ಐದು ನಿಮಿಷ ಮಾತು ಬೇಡ,” ಎಂದು ಕೈಸನ್ನೆ ಮಾಡಿದಳು.

ಅಷ್ಟರಲ್ಲಿ ಹೊರಗೆ ಪಾರ್ಸೆಲ್‌ನವನು ಗಂಟೆ ಬಾರಿಸಿದ. ಅಜ್ಜಿ ಸಹಿ ಹಾಕಲು ಹೋದಳು. ಒಂದೇ ನಿಮಿಷ.

ಸೊನೊಕ ತುಟಿ ಬಿಚ್ಚಲಿಲ್ಲ. ದೇವರಾಣೆಗೂ ಬಿಚ್ಚಲಿಲ್ಲ. ಆದರೆ ಆ ಇರುವೆ ಹೇಗೆ ಕೆಮ್ಮಿತೆಂದು ಕುರಾಮೊಚಿಯವರಿಗೆ ಯಾರಾದರೂ ತೋರಿಸಬೇಕಲ್ಲವೆ? ಅವಳು ಎದ್ದು ನಿಂತು, ಕತ್ತಿಗೆ ಮಫ್ಲರ್ ಸುತ್ತಿಕೊಂಡ ಹಾಗೆ ಮಾಡಿದಳು. ಒಂದು ಕೈ ಸೊಂಟದ ಮೇಲೆ, ಒಂದು ಕೈ ಬಾಯಿಗೆ. ಮೂರು ಸಲ, ಸದ್ದಿಲ್ಲದೆ, ಇಡೀ ಮೈ ಕುಲುಕಿಸಿ ಕೆಮ್ಮಿದಳು.

ಕುರಾಮೊಚಿಯವರ ಭುಜ ಕುಣಿಯಿತು. ಕಣ್ಣಲ್ಲಿ ನೀರು ಬಂತು. ಅವರೂ ತುಟಿ ಬಿಚ್ಚಲಿಲ್ಲ.

ಅಜ್ಜಿ ಒಳಗೆ ಬಂದಾಗ ಇಬ್ಬರೂ ಬುದ್ಧನ ವಿಗ್ರಹಗಳಂತೆ ಕೂತಿದ್ದರು.

ಒಂದು ತಿಂಗಳಾಯಿತು. ಇಯರ್‌ಫೋನ್ ತಯಾರಾಗಿ ಕುರಾಮೊಚಿಯವರ ಮನೆಗೆ ಹೋಯಿತು. ಒಂದು ಸಂಜೆ ಅಪ್ಪ ಟ್ಯಾಬ್‌ನಲ್ಲಿ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದರು. ಇಯರ್‌ಫೋನ್ ಹುಚ್ಚಿನವರೆಲ್ಲ ತಾವು ಕೊಂಡದ್ದು ಹೇಗೆ ಕೇಳಿಸುತ್ತದೆಂದು ಬರೆಯುವ ವೆಬ್‌ಸೈಟ್ ಅದು. ಸೊನೊಕ ಅಪ್ಪನ ಹೆಗಲ ಮೇಲಿಂದ ಓದಿದಳು.

“ಎಡಗಿವಿಯಲ್ಲಿ ಡಬಲ್ ಬೇಸ್ ಕೇಳಿ ಮರುಳಾದೆ. ಆ ದೊಡ್ಡ ವಾದ್ಯ ನನ್ನ ಎದೆಗೇ ಒರಗಿ ನುಡಿಯುತ್ತಿರುವಂತಿದೆ. ಬಲಗಿವಿಯಲ್ಲಿ ಮಾತ್ರ ಅದೇ ವಾದ್ಯ ಪಕ್ಕದ ಮನೆಯ ಬಚ್ಚಲಿನಲ್ಲಿ ನುಡಿದಂತಿದೆ. ರೈಲಿನ ಸದ್ದೂ ನುಗ್ಗುತ್ತದೆ. ಬಹಳ ಸಂಕೋಚದಿಂದ ಬರೆಯುತ್ತಿದ್ದೇನೆ. ಅಚ್ಚು ತೆಗೆಯುವ ಹಿರಿಯರಿಗೆ ವಯಸ್ಸಾಗಿದೆ, ಕೈ ತುಸು ನಡುಗಿರಬಹುದು. ಅವರ ಆರೋಗ್ಯ ಚೆನ್ನಾಗಿರಲಿ. ಕುರಾಮೊಚಿ.”

ಕೆಳಗೆ ಐದರಲ್ಲಿ ಎರಡು ಸ್ಟಾರ್.

“ಆರೋಗ್ಯ ಚೆನ್ನಾಗಿರಲಿ ಅಂತೆ,” ಸೊನೊಕಳ ಕಿವಿ ಕೆಂಪಾಯಿತು. “ಸುಮ್ನೆ ಬೈದಿದ್ರೂ ಆಗ್ತಿತ್ತು. ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಬೈದಿದಾರೆ ಅಪ್ಪ.”

“ಗಿರಾಕಿಗಳ ಬಗ್ಗೆ ಹಾಗೆಲ್ಲ ಮಾತಾಡ್ಬಾರ್ದು.”

“ಗಿರಾಕಿಗಳು ಮಾತ್ರ ಅಜ್ಜಿ ಬಗ್ಗೆ ಮಾತಾಡ್ಬಹುದಾ? ಅಜ್ಜಿ ಕೈ ನಡುಗತ್ತಾ? ಸೂಜಿಗೆ ದಾರ ಪೋಣಿಸ್ತಾಳೆ ಅಜ್ಜಿ. ಕತ್ತಲಲ್ಲಿ. ಗಾಳೀಲಿ. ಒಂಟಿ ಕಾಲಲ್ಲಿ.”

ಅಪ್ಪ ಟ್ಯಾಬ್ ಕೆಳಗಿಟ್ಟರು. ಮೇಜಿನ ಹತ್ತಿರ ಕೂತಿದ್ದ ಅಜ್ಜಿಯ ಕಡೆ ತಿರುಗಿ, ಮೆಲ್ಲಗೆ ಹೇಳಿದರು. “ಅಮ್ಮ, ಈಗ ಕಿವಿ ಒಳಗಿಂದ ಅಳತೆ ತಗೊಳ್ಳೋ ಮಿಷನ್ ಬಂದಿದೆ. ಹಿಟ್ಟೇ ಬೇಡ. ಸೋಮವಾರ ತಂದು ತೋರಿಸ್ತಾರೆ. ನೀನು... ಪ್ಯಾಕಿಂಗ್ ನೋಡ್ಕೋ. ಕೂತು ಮಾಡೋ ಕೆಲಸ.”

ಅಜ್ಜಿ ತನ್ನ ಬಲಗೈಯನ್ನು ಚಾಚಿ, ಅದು ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

“ನಡುಗಿರ್ಬೋದು,” ಎಂದಳು. “ನಂಗೇ ಗೊತ್ತಾಗಿಲ್ವೇನೋ.”

ಪುಟ್ಟ ಟಾರ್ಚನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದಳು.

ಆ ವಾರ ಸೊನೊಕಳಿಗೆ ಬಂದ ಸಿಟ್ಟು ಅಂತಿಂಥದ್ದಲ್ಲ. ಅದರ ಕಾವಿಗೆ ಮೇಲಿನ ಸೇತುವೆಯಲ್ಲಿ ಹನ್ನೊಂದು ರೈಲು ನಿಂತುಹೋದವು. ಕ್ಲಾಸಿನಲ್ಲಿ ಅವಳು ಈ ಕತೆ ಹೇಳಿದಳು. ಮೊದಲ ಸಲ ಹೇಳಿದಾಗ ಎರಡು ಸ್ಟಾರ್ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಒಂದಾಯಿತು. ಸ್ಕೂಲು ಬಿಡುವಾಗ ಸ್ಟಾರೇ ಇರಲಿಲ್ಲ. ಕುರಾಮೊಚಿಯವರಿಗೆ ಎರಡು ಕೋರೆಹಲ್ಲು ಹುಟ್ಟಿದ್ದವು.

ಮನೆಯಲ್ಲಿ ಮಾತ್ರ ಕತೆ ಬೆಳೆಯಲಿಲ್ಲ. ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯ ಚಾಪ್‌ಸ್ಟಿಕ್‌ನಿಂದ ತೋಫು ತುಂಡು ಜಾರಿ ಸಾರಿಗೆ ಬಿತ್ತು. ತೋಫು ಯಾರ ಕೈಯಿಂದಲೂ ಜಾರುತ್ತದೆ. ಆದರೆ ಅಜ್ಜಿ ಚಾಪ್‌ಸ್ಟಿಕ್ ಕೆಳಗಿಟ್ಟು, ಎದ್ದು ಹೋಗಿ ಚಮಚ ತಂದುಕೊಂಡಳು.

ಸೊನೊಕಳಿಗೆ ಅನ್ನ ಇಳಿಯಲಿಲ್ಲ. “ಬರಲಿ ಆ ಮಾಮ,” ಎಂದುಕೊಂಡಳು.

ಬಂದರು, ಶನಿವಾರ ಬೆಳಿಗ್ಗೆ. ಹೊಸ ಅಚ್ಚು ತೆಗೆದು ಸರಿ ಮಾಡಿಕೊಡುತ್ತೇವೆಂದು ಅಪ್ಪನೇ ಕರೆಸಿದ್ದರು. ಕುರಾಮೊಚಿಯವರ ಕೈಯಲ್ಲಿ ಸಿಹಿ ಹೂರಣದ ಬನ್ನಿನ ಡಬ್ಬ. ಬಾಗಿಲಲ್ಲಿ ಸೊನೊಕ, ಸೊಂಟದ ಮೇಲೆ ಎರಡೂ ಕೈ.

“ನಿಮ್ಮ ಕಿವೀಲಿ ಗುಗ್ಗೆ ಇರ್ಬೇಕು.”

“ನಾನೂ ಹಾಗೇ ಅಂದ್ಕೊಂಡೆ ಕಣಮ್ಮ. ಡಾಕ್ಟರ್ ಹತ್ರ ಹೋದೆ. ಕ್ಲೀನಾಗಿದೆ ಅಂದ್ರು.”

“ಹಾಗಾದ್ರೆ ನಿಮಗೆ ಕೇಳೋಕೇ ಬರಲ್ಲ. ಬರದೇ ಇದ್ದವರು ಯಾಕೆ ಬರೀಬೇಕು?”

“ಸೊನೋ.” ಅಪ್ಪನ ದನಿ ಚಿಕ್ಕದಾಗಿತ್ತು. ಅವರಿಗೆ ನಿಜವಾಗಿ ಸಿಟ್ಟು ಬಂದಾಗ ದನಿ ಚಿಕ್ಕದಾಗುತ್ತದೆ.

ಕುರಾಮೊಚಿಯವರು ಬೇಸರ ಮಾಡಿಕೊಳ್ಳಲಿಲ್ಲ. “ನಾನು ಲಿಫ್ಟ್ ರಿಪೇರಿ ಮಾಡೋನು. ಸದ್ದು ಕೇಳೇ ಎಲ್ಲಿ ಕೆಟ್ಟಿದೆ ಅಂತ ಹುಡುಕ್ಬೇಕು. ಸ್ವಲ್ಪ ಕೇಳೋಕೆ ಬರತ್ತೆ,” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು.

ಈ ಸಲ ಹಿಟ್ಟು ತುಂಬಿದವರು ಅಪ್ಪ. ಅಜ್ಜಿ ಮೂಲೆಯ ಮೇಜಿನ ಮುಂದೆ ಕೂತು ರಟ್ಟಿನ ಡಬ್ಬ ಮಡಚುತ್ತಿದ್ದಳು. ಸೊನೊಕ ಸ್ಟೂಲಿನ ಮೇಲೆ ಕೆನ್ನೆ ಉಬ್ಬಿಸಿಕೊಂಡು ಕೂತಳು. ಐದು ನಿಮಿಷದಲ್ಲಿ ಎರಡು ರೈಲು ಹೋದವು. ಅಪ್ಪ ಬಲಗಿವಿಯ ಹೊಸ ಅಚ್ಚನ್ನು ಹೊರಗೆಳೆದು, ಹಳೆಯದರ ಪಕ್ಕದಲ್ಲಿಟ್ಟರು. ಎರಡೂ ಪುಟ್ಟ ಗುಲಾಬಿ ಶಂಖಗಳ ಹಾಗಿದ್ದವು.

ಅಜ್ಜಿ ಅರ್ಧ ಮಡಚಿದ ಡಬ್ಬ ಕೈಯಲ್ಲಿ ಹಿಡಿದೇ ಎದ್ದು ಬಂದಳು. ಕನ್ನಡಕ ಏರಿಸಿದಳು. ಹಳೆಯ ಅಚ್ಚಿನ ಮೇಲೆ ಉಗುರು ಆಡಿಸಿದಳು. ಒಂದು ಕಡೆ ಉಗುರು ನಿಂತಿತು.

“ಇಲ್ಲಿ ನೋಡು,” ಅಪ್ಪನಿಗೆ ಹೇಳಿದಳು. “ಕೈ ನಡುಗಿದ್ರೆ ಅಚ್ಚಲ್ಲಿ ಗುಳ್ಳೆ ಬರತ್ತೆ. ಇದ್ರಲ್ಲಿ ಒಂದು ಗುಳ್ಳೇನೂ ಇಲ್ಲ. ಇರೋದು ಸುಕ್ಕು. ಒಂದು, ಎರಡು, ಮೂರು. ದವಡೆ ಕುಲುಕಿದ್ರೆ ಬರೋದು ಇದು.”

ಅವಳು ಅಚ್ಚನ್ನು ಬೆಳಕಿಗೆ ಹಿಡಿದಳು.

“ಇದು ನಕ್ಕಿರೋ ಕಿವಿ.”

ಕುರಾಮೊಚಿಯವರು ಒಂದು ಕ್ಷಣ ಸೊನೊಕಳ ಕಡೆ ನೋಡಿದರು. ಆಮೇಲೆ ಸೂರು ನೋಡಿದರು. ಆಮೇಲೆ ಅವರ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಗುತ್ತ ಹೋಯಿತು.

“ನನ್ನದೇ ತಪ್ಪು,” ಎಂದರು. “ಬಾಯಿ ಬಿಚ್ಚದೆ ಒಳಗೊಳಗೇ ನಕ್ಕಿದ್ದೆ. ಅಷ್ಟಕ್ಕೇ ಅಚ್ಚು ಕೆಡತ್ತೆ ಅಂತ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ನಿಮ್ಮ ಕೈ ಬಗ್ಗೆ ಬರೆದುಬಿಟ್ಟೆ. ಇವತ್ತೇ ಅದನ್ನ ತೆಗೆದು, ಇದ್ದದ್ದು ಇದ್ದ ಹಾಗೆ ಬರೀತೀನಿ.” ಸೊಂಟದವರೆಗೆ ಬಗ್ಗಿದವರು ಎಷ್ಟೋ ಹೊತ್ತು ಏಳಲೇ ಇಲ್ಲ.

“ಏಳಿ, ಏಳಿ. ಏನು ನೆನೆಸ್ಕೊಂಡು ನಕ್ರಿ?”

“ಅದು... ಕೆಲಸದ ವಿಷ್ಯ. ಒಂದು ಲಿಫ್ಟು.”

ಮೂರು ಸುಕ್ಕು. ಮೂರು ಕೆಮ್ಮು.

ಸೊನೊಕ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲ ಸರಿಹೋಗಿತ್ತಲ್ಲ. ಅಜ್ಜಿಯ ಕೈ ಗೆದ್ದಿತ್ತು. ಮಾಮ ಒಪ್ಪಿಕೊಂಡಿದ್ದರು. ಅವಳು ಮಾಡಬೇಕಾದ್ದು ಇಷ್ಟೇ, ಬಾಯಿ ಮುಚ್ಚಿಕೊಂಡು ಕೂರುವುದು. ಆದರೆ ಒಂದು ವಾರದಿಂದ ಊರೆಲ್ಲ ಅಲೆಯುತ್ತಿದ್ದ ಅವಳ ಸಿಟ್ಟು ಈಗ ವಾಪಸು ಬಂದಿತ್ತು. ಕುರಾಮೊಚಿಯವರನ್ನು ದಾಟಿ, ಅಪ್ಪನನ್ನು ದಾಟಿ, ನೇರ ಅವಳ ಹತ್ತಿರವೇ ಬಂದು ಕೂತಿತ್ತು.

“ನಗಿಸಿದ್ದು ನಾನು,” ಎಂದಳು.

ಸರಿಯಾಗಿ ಆಗಲೇ ತಲೆಯ ಮೇಲೆ ರೈಲು ಬಂತು. ಕಿಟಕಿ ಗಾಜು, ಟೀ ಲೋಟ, ಡಬ್ಬಗಳೆಲ್ಲ ಗಡಗಡ ಅಂದವು. ಯಾರಿಗೂ ಏನೂ ಕೇಳಿಸಲಿಲ್ಲ. ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು. ಅಷ್ಟಕ್ಕೇ ಬಿಡಬಹುದಿತ್ತು.

ರೈಲು ಹೋಯಿತು.

“ನಗಿಸಿದ್ದು ನಾನು,” ಸೊನೊಕ ಮತ್ತೆ ಹೇಳಿದಳು. “ಲಿಫ್ಟ್ ಅಲ್ಲ. ಅಜ್ಜಿ ಹೊರಗೆ ಹೋದಾಗ ಇರುವೆ ಥರ ಕೆಮ್ಮಿ ತೋರಿಸಿದೆ. ಮಾತಾಡ್ಲಿಲ್ಲ. ಮಾತಾಡದೇ ಇದ್ರೆ ಆಯ್ತು ಅಂದ್ಕೊಂಡೆ.”

ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು.

“ಯಾವ ಇರುವೆ?”

“ಸಕ್ಕರೆ ಡಬ್ಬೀದು. ಮೂರು ಬೀದಿ ಆಚೆ.”

“ಕೆಮ್ಮಿತ್ತಾ?”

ಸೊನೊಕಳ ಗಲ್ಲ ಎದೆಗೆ ತಗುಲಿತು. “ಇಲ್ಲ. ನಂಗೆ ಯಾವತ್ತೂ ಕೇಳಿಸಿಲ್ಲ. ಮೊನ್ನೆ ಟೀಚರ್ ನನ್ನ ಹೆಸರು ಎರಡು ಸಲ ಕರೆದಿದ್ದೂ ಕೇಳಿಸಿರ್ಲಿಲ್ಲ.”

ಕುರಾಮೊಚಿಯವರು ಕೆಮ್ಮಿದರು. ಈ ಸಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಬಹಳ ಹೊತ್ತು.

“ಅಜ್ಜಿ ಒಂಟಿ ಕಾಲಲ್ಲಿ ಸೂಜಿ ಪೋಣಿಸೋದು?” ಅಪ್ಪ ಕೇಳಿದರು.

“ಅದೂ ಸುಳ್ಳು. ಎರಡೂ ಕಾಲಲ್ಲೇ. ಆದ್ರೆ ಪೋಣಿಸ್ತಾಳೆ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಸೊನೊಕ ತಾನೇ ಸ್ಟೂಲನ್ನು ಎತ್ತಿಕೊಂಡು ಹೊರಗೆ ನಡೆದಳು. ಮಾತಿನ ಪ್ರಕಾರ ಇನ್ನು ಆ ರೂಮಲ್ಲಿ ಅವಳಿಗೆ ಜಾಗ ಇಲ್ಲ.

ಹಿಂದಿನಿಂದ ಕುರಾಮೊಚಿಯವರ ದನಿ ಕೇಳಿಸಿತು. “ತಪ್ಪು ತಿಳೀಬೇಡಿ. ಸಾಧ್ಯ ಇದ್ರೆ, ಇನ್ನೊಂದು ಸಲ ಅಜ್ಜಿ ಕೈಯಿಂದಲೇ...”

ಅಪ್ಪ ಬಾಗಿಲು ಎಳೆದುಕೊಂಡು ಹೊರಗೆ ಬಂದರು. ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಸೋಮವಾರ ಬರುವುದು ಬೇಡವೆಂದು ಮಿಷನ್‌ನವರಿಗೆ ಫೋನ್ ಮಾಡಲು ಹೋದರು.

ಇಲ್ಲಿ ನಿಜ ಹೇಳಿಬಿಡುವುದೇ ವಾಸಿ. ಆ ವಾರ ಹನ್ನೊಂದು ರೈಲು ನಿಂತದ್ದು ಸುಳ್ಳು. ಒಂದೂ ನಿಲ್ಲಲಿಲ್ಲ, ಎಲ್ಲವೂ ಸರಿಯಾದ ಹೊತ್ತಿಗೇ ಹೋದವು. ತಕ್ಕಡಿಯೂ ಸುಳ್ಳು. ಸೊನೊಕಳ ಕಿವಿ ಎಲ್ಲರ ಕಿವಿಯಷ್ಟೇ ತೂಗುವಂಥದ್ದು.

ಮುಚ್ಚಿದ ಬಾಗಿಲಿನ ಹೊರಗೆ, ಸ್ಟೂಲಿನ ಮೇಲೆ, ಅವಳು ಕಾಲು ಆಡಿಸದೆ ಕೂತಳು. ಒಂದು ರೈಲು ಹೋಯಿತು. ಇನ್ನೊಂದು ಇನ್ನೂ ಬಂದಿರಲಿಲ್ಲ. ಒಳಗೆ ಡ್ರಾಯರ್ ತೆರೆದ ಸದ್ದಾಯಿತು.

ಆಮೇಲೆ, ತೀರ ಮೆಲ್ಲಗೆ, ಟಕ್, ಟಕ್.

ಅದು ಮಾತ್ರ ಅವಳಿಗೆ ನಿಜಕ್ಕೂ ಕೇಳಿಸಿತು.